ಪುರಾಣದ ಬದನೆಕಾಯಿ, ಪಾತ್ರೆಯ ಬದನೆಕಾಯಿ

ಜುಲೈ ತಿಂಗಳ ಟೆಕ್ಸಾಸಿನಲ್ಲಿ ಹಿತ್ತಿಲ ಟೊಮೇಟೊ ಗಿಡಗಳು ಹೂ ಬಿಟ್ಟರೂ ಕಾಯಿ ಕಟ್ಟುವುದು ಕಷ್ಟ. ರಾತ್ರಿಯ ಉಷ್ಣಾಂಶ 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯದಿದ್ದರೆ ಹೂವು ಉದುರಿಹೋಗುತ್ತದೆ. ಜುಕೀನಿ ಗಿಡ ಅಷ್ಟರಲ್ಲಾಗಲೇ ಕಾಂಡ ಕೊರೆಯುವ ಹುಳುವಿಗೆ ತುತ್ತಾಗಿ ಬಾಡಿ ಮಲಗಿರುತ್ತದೆ. ಬದನೆ ಮತ್ತು ಬೆಂಡೆ ಮಾತ್ರ ಇಂಥ ಬಿಸಿಲು ತಮಗೆ ಹೊಸದೇನಲ್ಲ ಎಂಬಂತೆ ಚಳಿಗಾಲದ ಮೊದಲ ಹಿಮದವರೆಗೂ ಫಲ ಕೊಡುತ್ತಲೇ ಇರುತ್ತವೆ. ಡಾಲಸ್ ಬಳಿಯ ಫ್ರಿಸ್ಕೊ, ಹ್ಯೂಸ್ಟನ್ ಬಳಿಯ ಶುಗರ್‌ಲ್ಯಾಂಡ್, ಆಸ್ಟಿನ್ ಬಳಿಯ ರೌಂಡ್ ರಾಕ್ ಮುಂತಾದ ಊರುಗಳ ಕನ್ನಡ ಮನೆಗಳಲ್ಲಿ ಬೇಸಗೆಯ ಕೊನೆಗೆ ಎದುರಾಗುವ ಪ್ರಶ್ನೆ ಒಂದೇ: ಇಷ್ಟೊಂದು ಬದನೆಕಾಯಿಯನ್ನು ಏನು ಮಾಡುವುದು? ಎಣ್ಣೆಗಾಯಿ, ವಾಂಗೀಬಾತು, ಸುಟ್ಟ ಬದನೆಯ ಗೊಜ್ಜು, ಹುಳಿ ಎಂದು ಎಣಿಸುತ್ತ ಹೋದರೆ ಪಟ್ಟಿ ಒಂದು ವಾರಕ್ಕೆ ಮುಗಿಯುತ್ತದೆ. ಆಗ ಮಕ್ಕಳ ಕಡೆಯಿಂದ ಒಂದು ಸಲಹೆ ಬರುತ್ತದೆ: ರಟಟೂಯಿ ಮಾಡಬಹುದಲ್ಲ?

ಮಕ್ಕಳಿಗೆ ಈ ಹೆಸರನ್ನು ಕಲಿಸಿದ್ದು 2007ರಲ್ಲಿ ತೆರೆಕಂಡ ಪಿಕ್ಸಾರ್ ಸಂಸ್ಥೆಯ ಅನಿಮೇಶನ್ ಚಿತ್ರ. ಅದರಲ್ಲಿ ಕಠೋರನಾದ ಊಟದ ವಿಮರ್ಶಕನೊಬ್ಬ ಈ ತರಕಾರಿ ಪದಾರ್ಥದ ಒಂದು ತುತ್ತು ಬಾಯಿಗಿಟ್ಟೊಡನೆ ತನ್ನ ಬಾಲ್ಯದ ಹಳ್ಳಿಮನೆಗೆ, ತಾಯಿಯ ಒಲೆಯ ಬಳಿಗೆ ಮರಳುತ್ತಾನೆ. ಆ ದೃಶ್ಯವನ್ನು ಕಂಡ ಮಗು, ಅಜ್ಜಿ ಮಾಡಿದ ಬದನೆಯ ಗೊಜ್ಜನ್ನು ತಟ್ಟೆಯ ಅಂಚಿಗೆ ಸರಿಸುವ ಅದೇ ಮಗು, ರಟಟೂಯಿಯನ್ನು ಎರಡು ಸಲ ಬಡಿಸಿಕೊಳ್ಳುತ್ತದೆ. ತರಕಾರಿ ಅದೇ, ಹಿತ್ತಿಲೂ ಅದೇ. ಹೆಚ್ಚಾದದ್ದು ಹೆಸರಿನ ಮರ್ಯಾದೆ.

ಕನ್ನಡದಲ್ಲಿ ಬದನೆಕಾಯಿಗೆ ಸಂಬಂಧಿಸಿದ ಎರಡು ನುಡಿಗಟ್ಟುಗಳಿವೆ. ಅನುಭವಕ್ಕೆ ಒದಗದ ಓದನ್ನು ‘ಪುಸ್ತಕದ ಬದನೆಕಾಯಿ’ ಎನ್ನುತ್ತಾರೆ. ಇನ್ನೊಂದು, ‘ಪುರಾಣ ಹೇಳೋದಕ್ಕೆ, ಬದನೆಕಾಯಿ ತಿನ್ನೋದಕ್ಕೆ’ ಎಂಬ ಗಾದೆ. ಪುರಾಣಿಕನೊಬ್ಬ ಬದನೆಕಾಯಿ ನಿಷಿದ್ಧವೆಂದು ದೇವಸ್ಥಾನದಲ್ಲಿ ಪ್ರವಚನ ಮಾಡುತ್ತಾನೆ. ಅದನ್ನು ಕೇಳಿ ಬಂದ ಹೆಂಡತಿ ಮನೆಯಲ್ಲಿದ್ದ ಬದನೆಕಾಯಿಯನ್ನು ಅಡುಗೆಗೆ ಬಳಸದೆ ಎಸೆದುಬಿಡುತ್ತಾಳೆ. ಊಟಕ್ಕೆ ಕುಳಿತ ಗಂಡ ಸಿಡುಕುತ್ತಾನೆ: ಅದು ಪುರಾಣದ ಬದನೆಕಾಯಿ, ಇದು ತಿನ್ನುವ ಬದನೆಕಾಯಿ! ಸಂಸ್ಕೃತಿಯ ಶುದ್ಧಿಯ ಬಗೆಗೆ ಟೆಕ್ಸಾಸಿನಲ್ಲಿಯೂ ಕರ್ನಾಟಕದಲ್ಲಿಯೂ ಇಂದು ನಡೆಯುತ್ತಿರುವ ಪ್ರವಚನಗಳನ್ನು ಅರಿಯಲು ಈ ಗಾದೆಯೇ ಸಾಕು. ಯಾವುದು ನಮ್ಮದು, ಯಾವುದು ಪರಕೀಯ, ಯಾರು ಒಳಗಿನವರು, ಯಾರು ಹೊರಗಿನವರು ಎಂದು ಹೇಳುವವರ ಮನೆಯ ಪಾತ್ರೆಯ ಮುಚ್ಚಳವನ್ನು ಒಮ್ಮೆ ತೆರೆದು ನೋಡಬೇಕು. ಅದಕ್ಕೆ ರಟಟೂಯಿಯ ಪಾತ್ರೆ ಅನುಕೂಲವಾದದ್ದು.

*

ಮೊದಲು ಅಡುಗೆ. ಎರಡು ದಪ್ಪ ಬದನೆಕಾಯಿ, ಎರಡು ಜುಕೀನಿ, ಎರಡು ದೊಣ್ಣೆಮೆಣಸಿನಕಾಯಿ, ಎರಡು ಈರುಳ್ಳಿ, ಐದು ಮಾಗಿದ ಟೊಮೇಟೊ, ನಾಲ್ಕು ಎಸಳು ಬೆಳ್ಳುಳ್ಳಿ, ಧಾರಾಳವಾಗಿ ಆಲಿವ್ ಎಣ್ಣೆ, ಸ್ವಲ್ಪ ಥೈಮ್ ಮತ್ತು ಬೇಸಿಲ್ ಸೊಪ್ಪು. ಇಷ್ಟಿದ್ದರೆ ಐದಾರು ಜನರ ಊಟಕ್ಕೆ ಸಾಲುತ್ತದೆ. ಬದನೆಯ ಹೋಳುಗಳಿಗೆ ಉಪ್ಪು ಸವರಿ ಅರ್ಧ ಗಂಟೆ ಬಿಟ್ಟರೆ ಅದು ನೀರು ಬಿಡುತ್ತದೆ. ಒರೆಸಿ ಹುರಿದಾಗ ಎಣ್ಣೆಯನ್ನು ಕಡಿಮೆ ಹೀರುತ್ತದೆ. ಟೊಮೇಟೊವನ್ನು ಕುದಿನೀರಿನಲ್ಲಿ ಅರೆನಿಮಿಷ ಅದ್ದಿ ಸಿಪ್ಪೆ ಸುಲಿಯಬೇಕು.

ಇನ್ನು ಮುಂದಿನದು ತಾಳ್ಮೆಯ ಕೆಲಸ. ಎಲ್ಲವನ್ನೂ ಒಂದೇ ಬಾಣಲೆಗೆ ಸುರಿದು ಬೇಯಿಸಿದರೆ ಜುಕೀನಿ ಕರಗಿ ನೀರಾಗುವ ಹೊತ್ತಿಗೆ ಬದನೆ ಇನ್ನೂ ಹಸಿಯಾಗಿಯೇ ಇರುತ್ತದೆ. ಆದುದರಿಂದ ಬದನೆಯನ್ನು ಹೊಂಬಣ್ಣ ಬರುವವರೆಗೆ ಪ್ರತ್ಯೇಕವಾಗಿ ಹುರಿದು ತೆಗೆದಿಡಬೇಕು. ಜುಕೀನಿಯೂ ಹಾಗೆಯೇ. ಈರುಳ್ಳಿ ಮತ್ತು ದೊಣ್ಣೆಮೆಣಸು ಸಣ್ಣ ಉರಿಯಲ್ಲಿ ಜೊತೆಯಾಗಿ ಮೆತ್ತಗಾಗಬೇಕು, ಅವುಗಳ ಮೇಲೆ ಬೆಳ್ಳುಳ್ಳಿ, ಟೊಮೇಟೊ, ಥೈಮ್. ಟೊಮೇಟೊದ ನೀರು ಇಂಗಿ ಎಣ್ಣೆ ಅಂಚು ಬಿಡುವಾಗ ಹುರಿದಿಟ್ಟ ತರಕಾರಿಗಳನ್ನು ಸೇರಿಸಿ, ಮುಚ್ಚಳವಿಲ್ಲದೆ ಇಪ್ಪತ್ತು ನಿಮಿಷ ಮಂದ ಉರಿಯಲ್ಲಿ ಬಿಡಬೇಕು. ಸೌಟನ್ನು ಮೃದುವಾಗಿ ಆಡಿಸಬೇಕು, ಹೋಳು ಒಡೆಯಬಾರದು. ಕೊನೆಗೆ ಬೇಸಿಲ್ ಎಲೆಗಳನ್ನು ಕೈಯಿಂದ ಹರಿದು ಹಾಕುವುದು. ಎಣ್ಣೆಗಾಯಿಯಂತೆ ಇದಕ್ಕೂ ಮಾರನೆಯ ದಿನದ ರುಚಿಯೇ ಹೆಚ್ಚು.

ಕನ್ನಡ ಅಡುಗೆ ಬಲ್ಲವರಿಗೆ ಇದರಲ್ಲಿ ಅಪರಿಚಿತವಾದದ್ದು ಕಡಿಮೆ. ಎಣ್ಣೆ ಅಂಚು ಬಿಡುವುದನ್ನು ಕಾಯುವುದು, ಒಂದೊಂದು ತರಕಾರಿಯ ಬೇಯುವ ಹದವನ್ನು ತಿಳಿದು ಮೊದಲು ಯಾವುದು ನಂತರ ಯಾವುದು ಎಂದು ಪಾತ್ರೆಗೆ ಹಾಕುವುದು, ಇವು ಯಾವ ಊರಿನ ಅಡುಗೆಮನೆಯಲ್ಲಿಯೂ ಹೆಂಗಸರು ಅಕ್ಷರವಿಲ್ಲದೆ ದಾಟಿಸಿಕೊಂಡು ಬಂದ ವಿದ್ಯೆ. ರಟಟೂಯಿ ಎಂಬ ಹೆಸರಿನಲ್ಲಿ ಅಡಗಿರುವ ‘ತೂಯೆ’ ಎಂಬ ಫ್ರೆಂಚ್ ಕ್ರಿಯಾಪದಕ್ಕೆ ಕಲಕುವುದು, ಕೈಯಾಡಿಸುವುದು ಎಂದೇ ಅರ್ಥ. 18ನೆಯ ಶತಮಾನದ ಕೊನೆಯ ಭಾಗದಲ್ಲಿ ಈ ಪದ ಫ್ರೆಂಚಿನಲ್ಲಿ ಕಾಣಿಸಿಕೊಂಡಾಗ ಅದು ಸೂಚಿಸುತ್ತಿದ್ದುದು ಯಾವುದೋ ಒರಟು, ಕಲಸುಮೇಲೋಗರದ ಸಾರನ್ನು. ಸೈನಿಕರು ತಮಗೆ ಬಡಿಸುತ್ತಿದ್ದ ಕಳಪೆ ಊಟವನ್ನು ‘ರಟಾ’ ಎಂದು ಚುಟುಕಾಗಿ ಹಳಿಯುತ್ತಿದ್ದರು. ಇಂದು ದುಬಾರಿ ಹೋಟೆಲುಗಳ ಪಟ್ಟಿಯಲ್ಲಿ ಗೌರವದಿಂದ ಕುಳಿತಿರುವುದು ಒಂದು ಕಾಲದ ಬೈಗುಳ.

*

ಪಾತ್ರೆಯೊಳಗಿರುವವರ ಊರು ಯಾವುದು? ಟೊಮೇಟೊ ದಕ್ಷಿಣ ಅಮೆರಿಕದ ಆಂಡಿಸ್ ಪ್ರದೇಶದಿಂದ ಮೆಕ್ಸಿಕೊಗೆ ಬಂದು ಅಲ್ಲಿ ಪಳಗಿದ ಬೆಳೆ. ಅದರ ಹೆಸರೂ ಮೆಕ್ಸಿಕೊದ ನಹುವಾಟ್ಲ್ ಭಾಷೆಯದು. ಜುಕೀನಿ ಇಟಲಿಯಲ್ಲಿ ರೂಪುಗೊಂಡ ತಳಿಯಾದರೂ ಆ ಕುಂಬಳದ ಕುಲವೇ ಅಮೆರಿಕ ಖಂಡದ್ದು. ದೊಣ್ಣೆಮೆಣಸು ಮೆಕ್ಸಿಕೊ ಸೀಮೆಯ ಮೆಣಸಿನ ಗಿಡದ ಸಂತಾನ. ಅದರ ಕಾಡುಬಂಧುವಾದ ಬಟಾಣಿ ಗಾತ್ರದ ಚಿಲ್ಟೆಪಿನ್ ಟೆಕ್ಸಾಸಿನ ಕುರುಚಲುಗಳಲ್ಲಿ ಇಂದಿಗೂ ತಾನಾಗಿ ಬೆಳೆಯುತ್ತದೆ; 1997ರಲ್ಲಿ ಅದನ್ನು ರಾಜ್ಯದ ದೇಶೀ ಮೆಣಸೆಂದು ಅಧಿಕೃತವಾಗಿ ಘೋಷಿಸಲಾಯಿತು. ಬೇಸಿಲ್ ಕನ್ನಡದ ಕಾಮಕಸ್ತೂರಿಯೇ, ತುಳಸಿಯ ಹತ್ತಿರದ ಸಂಬಂಧಿ. ಇನ್ನು ಬದನೆ ದಕ್ಷಿಣ ಏಷ್ಯಾದ ಹಳೆಯ ಬೆಳೆ. ಸಂಸ್ಕೃತದ ‘ವಾತಿಂಗಣ’ ಪರ್ಷಿಯನ್ನಿನಲ್ಲಿ ‘ಬಾದಿಂಗಾನ್’ ಆಗಿ, ಅರಬರ ಬಾಯಲ್ಲಿ ‘ಅಲ್-ಬಾದಿಂಜಾನ್’ ಆಗಿ, ಸ್ಪೇನಿನ ಕತಲಾನ್ ಭಾಷೆಯ ಮೂಲಕ ಫ್ರೆಂಚರ ‘ಓಬೆರ್ಜಿನ್’ ಆಯಿತು. ಆ ಸಂಸ್ಕೃತ ಪದವೇ ದ್ರಾವಿಡ ಮೂಲದ್ದಿರಬಹುದೆಂದು ಊಹಿಸುವ ಭಾಷಾಶಾಸ್ತ್ರಜ್ಞರಿದ್ದಾರೆ. ಹಾಗಿದ್ದರೆ ಕನ್ನಡದ ‘ಬದನೆ’ ಈ ದೇಶಾಂತರಿ ಪದದ ಮನೆಯಲ್ಲಿಯೇ ಉಳಿದ ಅಕ್ಕ.

ಈ ಪದಾರ್ಥದ ತವರಾದ ನೀಸ್ ನಗರದ ಕಥೆಯೂ ಹೀಗೆಯೇ. ಮೆಡಿಟರೇನಿಯನ್ ತೀರದ ಈ ಊರು ಶತಮಾನಗಳ ಕಾಲ ಸವೋಯ್ ಮನೆತನದ ಆಳ್ವಿಕೆಯಲ್ಲಿತ್ತು. ಅದು ಫ್ರಾನ್ಸಿನ ನೆಲೆಯಾದ ಭಾಗವಾದದ್ದು 1860ರಲ್ಲಿ. ಬಡವರ ಬೇಸಗೆಯ ಊಟವಾಗಿದ್ದ ತರಕಾರಿ ಮಿಶ್ರಣಕ್ಕೆ ‘ಫ್ರೆಂಚ್ ಪರಂಪರೆ’ ಎಂಬ ಮುದ್ರೆ ಬಿದ್ದದ್ದು ಆಮೇಲೆ.

ಆ ಪರಂಪರೆಯ ಕಾವಲುಗಾರನಾಗಿ ಹೆಸರಾದವನು ಜಾಕ್ ಮೆದ್‌ಸ್ಯಾಂ. 1966ರಿಂದ 1990ರವರೆಗೆ ನೀಸಿನ ಮೇಯರ್ ಆಗಿದ್ದ ಈತ 1972ರಲ್ಲಿ ತನ್ನ ಸೀಮೆಯ ಅಡುಗೆಯ ಬಗ್ಗೆ ಒಂದು ಪುಸ್ತಕ ಪ್ರಕಟಿಸಿದ. ನೀಸಿನ ಹೆಸರಿನ ಸಲಾಡಿಗೆ ಬೇಯಿಸಿದ ಆಲೂಗಡ್ಡೆ ಸೇರಿಸುವುದು ಅಪಚಾರವೆಂದು ಅಂಗಲಾಚಿದವನು ಇವನೇ. ಪಾತ್ರೆಯ ಶುದ್ಧಿಯ ಬಗೆಗೆ ಅಷ್ಟು ಕಾತರನಾಗಿದ್ದ ಮನುಷ್ಯ 1974ರಲ್ಲಿ, ವರ್ಣಭೇದದ ಆಡಳಿತ ದಕ್ಷಿಣ ಆಫ್ರಿಕವನ್ನು ಹಿಂಡುತ್ತಿದ್ದ ಕಾಲದಲ್ಲಿ, ತನ್ನ ನಗರವನ್ನು ಕೇಪ್‌ಟೌನಿನ ಸೋದರ ನಗರವಾಗಿಸಿದ. 1990ರಲ್ಲಿ ಭ್ರಷ್ಟಾಚಾರದ ತನಿಖೆಗಳು ಬೆನ್ನಟ್ಟಿದಾಗ ಉರುಗ್ವೆಗೆ ಪಲಾಯನ ಮಾಡಿದ. ಅಲ್ಲಿಂದ ಫ್ರಾನ್ಸಿಗೆ ಹಸ್ತಾಂತರಗೊಂಡು ಶಿಕ್ಷೆಗೆ ಗುರಿಯಾಗಿ, ಮತ್ತೆ ಉರುಗ್ವೆಗೇ ಮರಳಿ 1998ರಲ್ಲಿ ಸತ್ತ. ಟೊಮೇಟೊ ಮತ್ತು ಮೆಣಸು ಹೊರಟುಬಂದ ಖಂಡವೇ ಕೊನೆಗೆ ಅವುಗಳ ‘ಶುದ್ಧ’ ಪಾಕದ ರಕ್ಷಕನಿಗೂ ಆಶ್ರಯ ಕೊಟ್ಟಿತು. ಪುರಾಣಿಕನ ಬದನೆಕಾಯಿಗೆ ಇದಕ್ಕಿಂತ ಬೇರೆ ವ್ಯಾಖ್ಯಾನ ಬೇಕಿಲ್ಲ.

*

ನೀಸಿನ ಮೇಯರನನ್ನು ನೋಡಿ ನಗುವುದು ಸುಲಭ. ಆದರೆ ಕನ್ನಡದ ಪಾತ್ರೆಯ ಮುಚ್ಚಳವನ್ನೂ ತೆರೆಯಬೇಕಲ್ಲ? ಮೂರನೆಯ ಮಂಗರಸ 1508ರ ಸುಮಾರಿಗೆ ‘ಸೂಪಶಾಸ್ತ್ರ’ವನ್ನು ರಚಿಸಿದ. ಬದನೆಯ ಅಡುಗೆಗಳಿಗೆ ಅದರಲ್ಲಿ ವಿಶೇಷ ಸ್ಥಾನವಿದೆ. ಪೋರ್ಚುಗೀಸರು ಗೋವೆಯನ್ನು ಹಿಡಿದದ್ದು 1510ರಲ್ಲಿ. ಮೆಣಸಿನಕಾಯಿ, ಟೊಮೇಟೊ, ಆಲೂಗಡ್ಡೆ, ಕಡಲೆಕಾಯಿ ಈ ನೆಲಕ್ಕೆ ಬಂದದ್ದು ಆ ಬಳಿಕ. ಮಂಗರಸನ ಬದನೆಗೆ ಖಾರ ಕೊಟ್ಟದ್ದು ಕಾಳುಮೆಣಸು. ಇಂದು ಉತ್ತರ ಕರ್ನಾಟಕದ ಹೆಗ್ಗುರುತಾಗಿರುವ ಎಣ್ಣೆಗಾಯಿಯನ್ನೇ ತೆಗೆದುಕೊಳ್ಳಬಹುದು. ಅದರೊಳಗಿನ ಶೇಂಗಾ ದಕ್ಷಿಣ ಅಮೆರಿಕದ್ದು, ಕೆಂಪುಮೆಣಸು ಮೆಕ್ಸಿಕೊ ಕಡೆಯದು. ಜೊತೆಗೆ ತಟ್ಟೆಯಲ್ಲಿರುವ ರೊಟ್ಟಿಯ ಜೋಳ ಸಾವಿರಾರು ವರ್ಷಗಳ ಹಿಂದೆ ಆಫ್ರಿಕದಿಂದ ಬಂದದ್ದು, ರಾಗಿಯೂ ಅಲ್ಲಿಂದಲೇ. ಬ್ಯಾಡಗಿ ಮೆಣಸಿನಕಾಯಿಗೂ ಉಡುಪಿಯ ಮಟ್ಟುಗುಳ್ಳಕ್ಕೂ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಬದನೆ ಈ ನೆಲದ ಹಳೆಯ ನಿವಾಸಿ, ಮೆಣಸಿನಕಾಯಿ ಐದು ಶತಮಾನದ ವಲಸಿಗ. ಎರಡನ್ನೂ ಒಂದೇ ಕಾನೂನು ‘ಈ ಮಣ್ಣಿನದು’ ಎಂದು ಒಪ್ಪಿಕೊಂಡಿತು. ಒಪ್ಪಿಕೊಂಡದ್ದು ಸರಿಯೇ: ಬ್ಯಾಡಗಿಯ ಬಣ್ಣ ಬ್ಯಾಡಗಿಯ ರೈತರ ಹಲವು ತಲೆಮಾರುಗಳ ದುಡಿಮೆಯಿಂದ ಬಂದದ್ದು.

ಹೊಸಬರ ನೆನಪು ಆಚರಣೆಯಲ್ಲಿಯೂ ಉಳಿದಿದೆ. ಸಂಪ್ರದಾಯಸ್ಥ ಬ್ರಾಹ್ಮಣ ಮನೆಗಳ ಶ್ರಾದ್ಧದ ಅಡುಗೆಗೆ ಟೊಮೇಟೊ, ಎಲೆಕೋಸು, ಆಲೂಗಡ್ಡೆ, ಮೆಣಸಿನಕಾಯಿಗಳಿಗೆ ಪ್ರವೇಶವಿಲ್ಲ, ಖಾರಕ್ಕೆ ಕಾಳುಮೆಣಸೇ. ಬೆಂಗಳೂರಿನ ಮಾರುಕಟ್ಟೆಯಲ್ಲಿ ‘ಇಂಗ್ಲಿಷ್ ತರಕಾರಿ’ ಎಂಬ ಮಾತು ಇನ್ನೂ ಬಳಕೆಯಲ್ಲಿದೆ. ಪಿತೃಗಳಿಗೆ ಸಲ್ಲದ ಟೊಮೇಟೊ ಉಳಿದ ದಿನಗಳಲ್ಲಿ ಸಾರಿಗೆ ಬೀಳುತ್ತದೆ, ಮತ್ತು ಆ ಸಾರು ‘ನಮ್ಮ ಸಾಂಪ್ರದಾಯಿಕ ಸಾರು’ ಎಂಬ ಹೆಮ್ಮೆಯೊಂದಿಗೆ ಟೆಕ್ಸಾಸಿನ ಉಗಾದಿ ಊಟಕ್ಕೂ ಬರುತ್ತದೆ.

*

ಹೊರಗಿನದನ್ನು ಇಷ್ಟು ಸಲೀಸಾಗಿ ಒಳಗೆ ಬಿಟ್ಟುಕೊಂಡ ಪಾತ್ರೆ ಹತ್ತಿರದವರ ವಿಷಯದಲ್ಲಿ ಮಾತ್ರ ಬಿಗಿಯಾಗುವುದೇಕೆ ಎಂಬುದು ಈ ಬರಹದ ನಿಜವಾದ ಪ್ರಶ್ನೆ. ಅಮೆರಿಕದ ಕನ್ನಡ ಕೂಟಗಳ ಒಕ್ಕೂಟವಾದ ‘ಅಕ್ಕ’ ತನ್ನ ಮೊದಲ ವಿಶ್ವ ಕನ್ನಡ ಸಮ್ಮೇಳನವನ್ನು 2000ದಲ್ಲಿ ಹ್ಯೂಸ್ಟನ್ನಿನಲ್ಲಿ ನಡೆಸಿತು. 2018ರಲ್ಲಿ ಸಮ್ಮೇಳನ ಡಾಲಸ್ಸಿಗೆ ಬಂತು. ಟೆಕ್ಸಾಸಿನ ಕನ್ನಡಿಗರಿಗೆ ಒಟ್ಟಾಗಿ ಕುಳಿತು ಉಣ್ಣುವುದು ಹೊಸದಲ್ಲ. ಮನೆಮನೆಯವರೂ ಒಂದೊಂದು ಪದಾರ್ಥ ತರುವ ಕೂಟಗಳಲ್ಲಿ ರಟಟೂಯಿ ಬಂದರೆ ಯಾರ ಹುಬ್ಬೂ ಏರುವುದಿಲ್ಲ. ಅದು ಫ್ರೆಂಚ್, ಅದು ಸಿನಿಮಾದಲ್ಲಿ ಬಂದದ್ದು, ಎಲ್ಲಕ್ಕಿಂತ ಮುಖ್ಯವಾಗಿ ಅದು ಸಸ್ಯಾಹಾರ. ಅದೇ ಮೇಜಿನ ಮೇಲೆ ಮಂಡ್ಯದ ಮನೆಯೊಂದರ ನಾಟಿಕೋಳಿ ಸಾರು ಅಥವಾ ಕರಾವಳಿಯ ಮೀನಿನ ಗಸಿ ಬಂದಾಗ ವಾತಾವರಣ ಬದಲಾಗುತ್ತದೆ. ಬೇರೆ ಮೇಜು, ಬೇರೆ ಸೌಟು, ಬೇರೆ ಮೂಲೆ. ಹಲವು ಕಡೆ ಅಷ್ಟಕ್ಕೂ ಅವಕಾಶವಿಲ್ಲ. ‘ಕನ್ನಡದ ಊಟ’ ಎಂದರೆ ಹೋಳಿಗೆ, ಕೋಸಂಬರಿ, ಬಿಸಿಬೇಳೆಬಾತು ಎಂಬುದು ಮೊದಲೇ ನಿರ್ಧಾರವಾಗಿರುತ್ತದೆ.

ಇದು ಕಡಲಾಚೆಯವರ ಸಮಸ್ಯೆ ಮಾತ್ರವಾಗಿ ಉಳಿದಿಲ್ಲ. 2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲಿ ನಡೆದ 87ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಮುನ್ನ ಮಳಿಗೆಗಳ ನಿಯಮಗಳಲ್ಲಿ ಮದ್ಯ, ತಂಬಾಕಿನ ಸಾಲಿಗೆ ಮಾಂಸಾಹಾರವನ್ನೂ ಸೇರಿಸಿದಾಗ ದೊಡ್ಡ ವಿವಾದವೇ ಎದ್ದಿತು. ಬಾಡೂಟಕ್ಕೆ ಹೆಸರಾದ ಜಿಲ್ಲೆಯಲ್ಲಿ, ಬಹುಜನರ ಊಟ ನುಡಿಹಬ್ಬದ ಅಂಗಳದಲ್ಲಿ ನಿಷಿದ್ಧ ವಸ್ತುವಾಯಿತು. ಆಗ ಪ್ರತಿಭಟಿಸಿದವರು ಕೇಳಿದ್ದು ಕೇವಲ ಕೋಳಿಯ ತುಂಡನ್ನಲ್ಲ. ಕನ್ನಡ ಎಂಬ ಮನೆಯಲ್ಲಿ ತಮ್ಮ ಒಲೆಗೂ ಜಾಗವಿದೆಯೇ ಎಂದು ಅವರು ಕೇಳುತ್ತಿದ್ದರು.

ಸಸ್ಯಾಹಾರ ಯಾರದೇ ಸ್ವಂತ ಆಯ್ಕೆಯಾಗಿದ್ದರೆ ಅದಕ್ಕೆ ಗೌರವ ಸಲ್ಲಬೇಕು. ತಿನ್ನದವರಿಗೆ ತಿನ್ನದಿರುವ ಅನುಕೂಲವನ್ನು ಪ್ರತಿ ಕೂಟವೂ ಮಾಡಿಕೊಡಬೇಕು. ತಕರಾರು ಇರುವುದು ಒಂದು ಗುಂಪಿನ ಊಟ ಇಡೀ ಭಾಷೆಯ ಊಟವೆಂದು ಹೆಸರು ಪಡೆಯುವುದರ ಬಗೆಗೆ. ನೀಸಿನಿಂದ ಬಂದ ಅತಿಥಿಗೆ ತೆರೆದ ಬಾಗಿಲು ನಾಗಮಂಗಲದಿಂದ ಬಂದ ನೆಂಟರಿಗೆ ಮುಚ್ಚಿದೆ ಎಂದರೆ, ಅಲ್ಲಿ ಕಾಯಲಾಗುತ್ತಿರುವುದು ಪರಂಪರೆಯನ್ನಲ್ಲ, ಜಾತಿಯನ್ನು.

*

ಟೆಕ್ಸಾಸಿಗೆ ಫ್ರೆಂಚರು ಬಂದ ಕಥೆಯನ್ನೂ ಇಲ್ಲಿ ನೆನೆಯಬೇಕು, ಏಕೆಂದರೆ ಅದು ವಲಸಿಗರ ಕಥೆ. ಟೆಕ್ಸಾಸ್ ಸ್ವತಂತ್ರ ಗಣರಾಜ್ಯವಾಗಿದ್ದಾಗ ಅದಕ್ಕೆ 1839ರಲ್ಲಿ ಮಾನ್ಯತೆ ಕೊಟ್ಟ ಮೊದಲ ಯುರೋಪಿಯನ್ ದೇಶ ಫ್ರಾನ್ಸ್. ಅದರ ಪ್ರತಿನಿಧಿ ದುಬ್ವಾ ದ ಸಾಲಿನ್ಯಿಗಾಗಿ ಕಟ್ಟಿಸಿದ ಮನೆ ಆಸ್ಟಿನ್ನಿನಲ್ಲಿ ಇಂದಿಗೂ ಇದೆ. 1841ರಲ್ಲಿ ಹೋಟೆಲಿನ ಮಾಲೀಕ ರಿಚರ್ಡ್ ಬುಲಕನ ಹಂದಿಗಳು ರಾಯಭಾರಿಯ ಆವರಣಕ್ಕೆ ನುಗ್ಗಿ ಕುದುರೆಗಳ ಜೋಳ ತಿಂದವು, ಆತನ ಆಳು ಹಂದಿಗಳನ್ನು ಕೊಂದ, ಬುಲಕ್ ಆಳನ್ನು ಹೊಡೆದ; ಎರಡು ದೇಶಗಳ ಸಂಬಂಧವೇ ಸ್ವಲ್ಪ ಕಾಲ ಕೆಟ್ಟಿತು. ರಾಯಭಾರಿಯ ಬಳಿ ದೂರು ಕೊಡಲು ಒಂದು ಸರ್ಕಾರವಿತ್ತು. 1855ರಲ್ಲಿ ಬಂದವರಿಗೆ ಅದೂ ಇರಲಿಲ್ಲ.

ಶಾರ್ಲ್ ಫೂರಿಯೇಯ ಸಮಾಜವಾದಿ ಕನಸನ್ನು ನಂಬಿದ್ದ ವಿಕ್ತೋರ್ ಕೋನ್ಸಿದೆರಾಂ ಎಂಬಾತನ ನೇತೃತ್ವದಲ್ಲಿ ಫ್ರಾನ್ಸ್, ಬೆಲ್ಜಿಯಂ, ಸ್ವಿಟ್ಜರ್‌ಲ್ಯಾಂಡುಗಳ ಜನ ಹಡಗಿಳಿದು, ಎತ್ತಿನ ಗಾಡಿಗಳಲ್ಲಿ ಸಾಮಾನು ಹೇರಿ, ಹ್ಯೂಸ್ಟನ್ನಿನಿಂದ ಡಾಲಸ್ಸಿನವರೆಗೆ ಸುಮಾರು 400 ಕಿಲೋಮೀಟರ್ ನಡೆದರು. ಟ್ರಿನಿಟಿ ನದಿಯ ದಡದಲ್ಲಿ ‘ಲಾ ರೆಯೂನಿಯೋಂ’ ಎಂಬ ಕೂಡುಬಾಳ್ವೆಯ ವಸಾಹತು ಹುಟ್ಟಿತು. ಬಂದವರಲ್ಲಿ ಗಡಿಯಾರ ಮಾಡುವವರು, ನೇಕಾರರು, ಸಂಗೀತಗಾರರು, ವಿದ್ವಾಂಸರು ಇದ್ದರು. ಬೇಸಾಯ ಬಲ್ಲವರು ಬೆರಳೆಣಿಕೆಯಷ್ಟು. ಡಾಲಸ್ಸಿನಿಂದ ಆಸ್ಟಿನ್ನಿನ ಆಚೆಯವರೆಗೆ ಹಬ್ಬಿರುವ ಕಪ್ಪು ಎರೆಮಣ್ಣು ಧಾರವಾಡ, ವಿಜಯಪುರದ ಎರೆಮಣ್ಣಿನ ಜಾತಿಯದೇ, ಬೇಸಗೆಯಲ್ಲಿ ಕಾಲು ಹುದುಗುವಷ್ಟು ಬಿರುಕು ಬಿಡುವಂಥದು. ಅವರು ಕೊಂಡದ್ದು ಅದರ ಅಂಚಿನ ಸುಣ್ಣಕಲ್ಲಿನ ನೆಲ. 1856ರ ಮೇ ತಿಂಗಳಿನಲ್ಲಿ ಅಕಾಲದ ಹಿಮ ಬಿದ್ದು ಬೆಳೆ ಸುಟ್ಟುಹೋಯಿತು. ಬಳಿಕ ಬರ, ಮಿಡತೆ. ಸಮಾನತೆಯ ಸಿದ್ಧಾಂತವನ್ನು ಕಂಠಪಾಠ ಮಾಡಿದ್ದ ಕೈಗಳಿಗೆ ನೇಗಿಲು ಹಿಡಿಯಲು ಬರಲಿಲ್ಲ. ಕೆಲವೇ ವರ್ಷಗಳಲ್ಲಿ ವಸಾಹತು ಚದುರಿತು. ಪುಸ್ತಕದ ಬದನೆಕಾಯಿ ಎಂದು ಕನ್ನಡಿಗರು ಹೇಳಬಹುದಾದದ್ದು ಇದನ್ನೇ.

ಆದರೂ ಆ ಸೋಲು ಬರಿಗೈಯದಾಗಲಿಲ್ಲ. ಅವರಲ್ಲಿ ಹಲವರು ಡಾಲಸ್ಸಿನಲ್ಲಿಯೇ ನೆಲೆಸಿ ಆ ಪುಟ್ಟ ಊರಿಗೆ ಕುಶಲಕರ್ಮಿಗಳಾದರು. ಬೆಂಜಮಿನ್ ಲಾಂಗ್ ಎರಡು ಬಾರಿ ಮೇಯರ್ ಆದ. ಜೂಲಿಯನ್ ರೆವರ್ಷೋಂ ಟೆಕ್ಸಾಸಿನ ಸಸ್ಯಗಳನ್ನು ಸಂಗ್ರಹಿಸಿದ ದೊಡ್ಡ ಸಸ್ಯಶಾಸ್ತ್ರಜ್ಞನಾದ. ನಗರದ ಒಂದು ಉದ್ಯಾನಕ್ಕೆ ಅವನ ಹೆಸರಿದೆ. ಡಾಲಸ್ಸಿನ ಬಾನಂಚಿನಲ್ಲಿ ರಾತ್ರಿ ಬೆಳಗುವ ರಿಯೂನಿಯನ್ ಟವರ್ ಆ ವಸಾಹತಿನ ಹೆಸರನ್ನೇ ಹೊತ್ತಿದೆ. ಅವರು ಬಂದಿಳಿದಾಗ ಅವರ ಬಗೆಗೆ ಟೆಕ್ಸಾಸಿನ ಪತ್ರಿಕೆಗಳಲ್ಲಿ ಬಂದ ಮಾತುಗಳು ಬೇರೆ: ದೇವರಿಲ್ಲದವರು, ಸಮಾಜವಾದಿಗಳು, ಗುಲಾಮಗಿರಿಯ ವಿರೋಧಿಗಳು. ಅದು ವಲಸಿಗರ ವಿರುದ್ಧವೇ ಕಟ್ಟಿದ ‘ನೋ-ನಥಿಂಗ್’ ಪಕ್ಷ ಉಬ್ಬರದಲ್ಲಿದ್ದ ಕಾಲ. ಇಂದು ಫ್ರೆಂಚ್ ಎಂದರೆ ನಾಜೂಕು, ಅಂದು ಫ್ರೆಂಚ್ ಎಂದರೆ ಅಪಾಯ. ಯಾರು ಅಪಾಯ ಎಂಬ ಪಟ್ಟಿ ಪ್ರತಿ ತಲೆಮಾರಿಗೂ ಹೊಸದಾಗಿ ಬರೆಯಲ್ಪಡುತ್ತದೆ.

*

ಈಗಿನ ಪಟ್ಟಿಯಲ್ಲಿ ಮೊದಲಿಗೆ ಇರುವವರು ಟೆಕ್ಸಾಸಿನ ತರಕಾರಿಯನ್ನು ಕೊಯ್ಯುವವರೇ. ಹಿತ್ತಿಲಲ್ಲಿ ಬೆಳೆಯುವ ಬದನೆಯನ್ನು ಬಿಟ್ಟರೆ ರಟಟೂಯಿಯ ಉಳಿದ ತರಕಾರಿಗಳು ಅಂಗಡಿಯಿಂದ ಬರಬೇಕು. ಚಳಿಗಾಲದ ಟೊಮೇಟೊ, ದೊಣ್ಣೆಮೆಣಸುಗಳ ದೊಡ್ಡ ಪಾಲು ಮೆಕ್ಸಿಕೊದಿಂದ ಗಡಿಯ ಸೇತುವೆಗಳನ್ನು ದಾಟಿ ಬರುತ್ತದೆ. ಟೊಮೇಟೊ ಪೆಟ್ಟಿಗೆಗೆ ಸೇತುವೆಯ ಮೇಲೆ ಪ್ರತ್ಯೇಕ ಸಾಲಿದೆ. ಅದನ್ನು ಕೊಯ್ದ ಕೈಗಳಿಗೆ ಮುಳ್ಳುತಂತಿ.

1938ರ ಕಾರ್ಮಿಕ ಕಾನೂನು ಅಮೆರಿಕದ ದುಡಿಯುವವರಿಗೆ ಕನಿಷ್ಠ ವೇತನ ಕೊಟ್ಟಾಗ ಹೊಲದ ಕೂಲಿಗಳನ್ನು ಹೊರಗಿಟ್ಟಿತು. 1966ರ ಜೂನ್ ತಿಂಗಳಿನಲ್ಲಿ ರಿಯೋ ಗ್ರಾಂಡೆ ಕಣಿವೆಯ ಸ್ಟಾರ್ ಕೌಂಟಿಯಲ್ಲಿ ಕರಬೂಜ ಕೊಯ್ಯುವವರು ಗಂಟೆಗೆ 1.25 ಡಾಲರ್ ಕೂಲಿಗಾಗಿ ಮುಷ್ಕರ ಹೂಡಿದರು. ಜುಲೈ 4ರಂದು ಹೊರಟ ಮೆರವಣಿಗೆ ಟೆಕ್ಸಾಸಿನ ಬೇಸಗೆಯಲ್ಲಿ ನೂರಾರು ಮೈಲಿ ನಡೆದು, ಕಾರ್ಮಿಕರ ದಿನವಾದ ಸೆಪ್ಟೆಂಬರ್ 5ರಂದು ಆಸ್ಟಿನ್ ತಲುಪಿತು. ಗವರ್ನರ್ ಜಾನ್ ಕಾನಲಿ ಅವರನ್ನು ದಾರಿಯಲ್ಲಿಯೇ, ನ್ಯೂ ಬ್ರಾನ್‌ಫೆಲ್ಸ್ ಊರಿನ ಬಳಿ ಭೇಟಿಯಾಗಿ, ಆ ದಿನ ತಾನು ಆಸ್ಟಿನ್ನಿನಲ್ಲಿ ಅವರನ್ನು ಎದುರುಗೊಳ್ಳುವುದಿಲ್ಲವೆಂದು ತಿಳಿಸಿದ. ಅದೇ ವರ್ಷ ಕನಿಷ್ಠ ವೇತನ ದೊಡ್ಡ ಹೊಲಗಳ ಕೂಲಿಗಳಿಗೂ ವಿಸ್ತರಿಸಿತು. ಹೆಚ್ಚುವರಿ ದುಡಿಮೆಗೆ ಹೆಚ್ಚುವರಿ ವೇತನ ಕೊಡಬೇಕೆಂಬ ಒಕ್ಕೂಟದ ನಿಯಮ ಇಂದಿಗೂ ಅವರಿಗೆ ಅನ್ವಯಿಸುವುದಿಲ್ಲ.

ಇದು ಕನ್ನಡಿಗರಿಗೆ ಸಂಬಂಧಿಸಿದ್ದಲ್ಲ ಎನ್ನುವವರು ಒಂದು ವರ್ಷ ಹಿಂದೆ ಸರಿದು ನೋಡಬೇಕು. 1923ರ ತಿಂಡ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಭಾರತೀಯರು ಬಿಳಿಯರಲ್ಲ, ಆದುದರಿಂದ ಪೌರತ್ವಕ್ಕೆ ಅರ್ಹರಲ್ಲ ಎಂದಿತ್ತು. ಆ ಬಾಗಿಲು 1946ರಲ್ಲಿ ಸ್ವಲ್ಪ, 1965ರ ವಲಸೆ ಕಾನೂನಿನಿಂದ ಪೂರ್ತಿಯಾಗಿ ತೆರೆಯಿತು. 1965ರ ಕಾನೂನು ಕಪ್ಪು ಜನರ ನಾಗರಿಕ ಹಕ್ಕುಗಳ ಹೋರಾಟದ ಬಿಸಿಯಲ್ಲಿ ಬೆಂದದ್ದು. ಹ್ಯೂಸ್ಟನ್ನಿನ ತೈಲ ಕಂಪನಿಗಳಿಗೆ, ಡಾಲಸ್ಸಿನ ದೂರಸಂಪರ್ಕ ಕಚೇರಿಗಳಿಗೆ, ಆಸ್ಟಿನ್ನಿನ ಚಿಪ್ ಕಾರ್ಖಾನೆಗಳಿಗೆ ಕನ್ನಡದ ಎಂಜಿನಿಯರುಗಳನ್ನು ಕರೆತಂದದ್ದು ಅವರ ಪದವಿಯಷ್ಟೇ ಅಲ್ಲ, ಅವರು ಎಂದೂ ಕಾಣದ ಜನ ಬೀದಿಯಲ್ಲಿ ತಿಂದ ಲಾಠಿ ಏಟೂ ಹೌದು.

ಇಷ್ಟಾಗಿಯೂ ಕೂಟಗಳ ಮಾತುಕತೆಯಲ್ಲಿ ಒಂದು ವಾಕ್ಯ ಮತ್ತೆ ಮತ್ತೆ ಕೇಳಿಬರುತ್ತದೆ: ನಾವು ಕಾನೂನಿನ ಪ್ರಕಾರ ಬಂದವರು, ಅವರು ಹಾಗಲ್ಲ. ಈ ವಾಕ್ಯ ಸುರಕ್ಷತೆಯ ಭ್ರಮೆಯನ್ನು ಕೊಡುತ್ತದೆ. ಆದರೆ ಕಾನೂನಿನ ಗೆರೆ ನಿಂತಲ್ಲಿ ನಿಲ್ಲುವುದಿಲ್ಲ. 2023ರ ಡಿಸೆಂಬರಿನಲ್ಲಿ ಟೆಕ್ಸಾಸ್ ತನ್ನದೇ ಗಡಿಕಾನೂನಿಗೆ ಸಹಿ ಹಾಕಿದಾಗ ಅದು ‘ಅವರ’ ಸಮಸ್ಯೆ ಎಂದು ಸುಮ್ಮನಿದ್ದವರು, 2025ರ ಸೆಪ್ಟೆಂಬರಿನಲ್ಲಿ ಹೊಸ ಎಚ್-1ಬಿ ಅರ್ಜಿಗಳ ಮೇಲೆ 1 ಲಕ್ಷ ಡಾಲರ್ ಹೊರೆ ಬಿದ್ದಾಗ ರಾತ್ರೋರಾತ್ರಿ ವಕೀಲರಿಗೆ ಕರೆ ಮಾಡಿದರು. ಪುರಾಣಿಕನಿಗೆ ಆದದ್ದೂ ಇದೇ: ನಿಷೇಧ ಬೇರೆಯವರ ಮನೆಗೆ ಎಂದು ತಿಳಿದು ಹೇಳಿದ ಮಾತು ತನ್ನ ಮನೆಯ ತಟ್ಟೆಯನ್ನೇ ಖಾಲಿ ಮಾಡುತ್ತದೆ.

*

ಒಂದು ತರಕಾರಿ ಪದಾರ್ಥದ ಮೇಲೆ ಇಷ್ಟು ಭಾರ ಹೇರಬೇಕೇ ಎಂದು ಕೇಳಬಹುದು. ವಲಸೆ ಬಂದವರಿಗೆ ಊರಿನ ರುಚಿ ಕೊನೆಯ ಆಸರೆ. ಅದನ್ನೂ ಪ್ರಶ್ನಿಸಿದರೆ ಅವರಿಗೆ ಉಳಿಯುವುದೇನು ಎಂಬ ಆಕ್ಷೇಪ ನ್ಯಾಯವಾದದ್ದೇ. ದೂರದಲ್ಲಿರುವವರು ನೆನಪನ್ನು ಗಟ್ಟಿಯಾಗಿ ಹಿಡಿಯುತ್ತಾರೆ. ಅಜ್ಜಿಯ ಗೊಜ್ಜಿನ ಹದ ಮೊಮ್ಮಗಳಿಗೆ ತಪ್ಪಿಹೋದರೆ ಅದು ನಿಜವಾದ ನಷ್ಟ, ಅದನ್ನು ರಟಟೂಯಿ ತುಂಬಿಕೊಡಲಾರದು. ಗೊಜ್ಜನ್ನು ಕಲಿಸಬೇಕು, ಬರೆದಿಡಬೇಕು, ಮಗು ತಟ್ಟೆಯ ಅಂಚಿಗೆ ಸರಿಸಿದರೂ ಮತ್ತೆ ಮತ್ತೆ ಬಡಿಸಬೇಕು. ಆದರೆ ನೆನಪಿಗೆ ಶುದ್ಧಿಯ ಬೇಲಿ ಬೇಕಿಲ್ಲ. ಚಿತ್ರದ ಆ ವಿಮರ್ಶಕನನ್ನು ಬಾಲ್ಯಕ್ಕೆ ಕರೆದೊಯ್ದ ತಟ್ಟೆಯೂ ಬೆರಕೆಯದೇ. ತೆಳ್ಳಗೆ ಹೆಚ್ಚಿ ಸುತ್ತಲೂ ಜೋಡಿಸಿದ ಆ ರೂಪಕ್ಕೆ ಮೂಲ 1976ರಲ್ಲಿ ಮಿಶೆಲ್ ಗೆರಾರ್ ಎಂಬ ಬಾಣಸಿಗ ರೂಪಿಸಿದ ‘ಕೋಂಫಿ ಬ್ಯಾಲ್ದಿ’. ಅದರ ಹೆಸರು ‘ಇಮಾಮ್ ಬಾಯಲ್ದಿ’ ಎಂಬ ತುರ್ಕಿಯ ಬದನೆಕಾಯಿ ಅಡುಗೆಯಿಂದ ಬಂದದ್ದು. ಚಿತ್ರಕ್ಕೆ ಅದನ್ನು ಒಗ್ಗಿಸಿದವನು ಅಮೆರಿಕದ ಥಾಮಸ್ ಕೆಲರ್. ಆ ತುತ್ತಿನಲ್ಲಿ ಕಣ್ಣು ತುಂಬಿಸುವ ನೆನಪಿತ್ತು. ಅದಕ್ಕೆ ಶುದ್ಧ ವಂಶಾವಳಿಯ ಅಗತ್ಯ ಬೀಳಲಿಲ್ಲ.

ಆದುದರಿಂದ ಟೆಕ್ಸಾಸಿನ ಕನ್ನಡ ಕೂಟಗಳು ಮಾಡಬಹುದಾದ ಕೆಲಸ ಸರಳವಾದದ್ದು. ಮುಂದಿನ ಉಗಾದಿಗೆ ರಟಟೂಯಿ ಬರಲಿ, ಗೊಜ್ಜೂ ಬರಲಿ. ಅದೇ ಕೋಣೆಯಲ್ಲಿ, ಅದೇ ಗೌರವದ ಎತ್ತರದಲ್ಲಿ, ನಾಟಿಕೋಳಿ ಸಾರು ಮತ್ತು ಮುದ್ದೆಗೂ ಮೇಜು ಇರಲಿ. ಏನನ್ನು ತಿನ್ನಬೇಕೆಂಬುದನ್ನು ತಿನ್ನುವವರೇ ನಿರ್ಧರಿಸಲಿ, ಯಾವುದು ಕನ್ನಡ ಎಂಬುದನ್ನು ಮೇಜಿನ ಮೇಲ್ವಿಚಾರಕರು ನಿರ್ಧರಿಸದಿರಲಿ. ಹೊಲದ ಕೂಲಿಗಳ ಬಿಸಿಲಿನ ಬಗೆಗೆ, ನೀರಿನ ಬಗೆಗೆ, ವೇತನದ ಬಗೆಗೆ ರಾಜ್ಯದ ಶಾಸನಸಭೆಯಲ್ಲಿ ಮಾತು ಬಂದಾಗ ಮತ ಹಾಕುವ ಹಕ್ಕು ಪಡೆದ ಸಾವಿರಾರು ಕನ್ನಡಿಗರ ದನಿ ಆ ಕೈಗಳ ಪರವಾಗಿ ಕೇಳಿಸಲಿ.

ಮಾರನೆಯ ದಿನ ಫ್ರಿಜ್ಜಿನಿಂದ ತೆಗೆದ ರಟಟೂಯಿಯನ್ನು ಬಿಸಿ ಮಾಡುವ ಅಗತ್ಯವಿಲ್ಲ. ರಾತ್ರಿಯೆಲ್ಲ ಒಂದರ ರಸ ಇನ್ನೊಂದಕ್ಕೆ ಇಳಿದು, ಯಾವ ಹೋಳಿನ ರುಚಿ ಎಲ್ಲಿಂದ ಬಂತೆಂದು ಹೇಳಲಾಗದಂತೆ ಬೆರೆತಿರುತ್ತದೆ. ಆದರೂ ಬದನೆ ಬದನೆಯಾಗಿಯೇ, ಮೆಣಸು ಮೆಣಸಾಗಿಯೇ ಕೈಗೆ ಸಿಗುತ್ತದೆ. ಫ್ರೆಂಚರು ಅದನ್ನು ಬ್ರೆಡ್ಡಿನ ಜೊತೆ ತಿನ್ನುತ್ತಾರೆ. ಫ್ರಿಸ್ಕೊದ ಮನೆಯಲ್ಲಿ ಬ್ರೆಡ್ಡು ಮುಗಿದಿದ್ದರೆ, ವಿಜಯಪುರದಿಂದ ಸೂಟ್‌ಕೇಸಿನಲ್ಲಿ ಬಂದ ಖಡಕ್ ಜೋಳದ ರೊಟ್ಟಿಯೂ ಅದಕ್ಕೆ ಚೆನ್ನಾಗಿ ಒಗ್ಗುತ್ತದೆ.